ರೀಲು ತೊಳೆದವರು, ಕೈ ತೊಳೆದುಕೊಂಡವರು

ಫೋಟೋ ಅಂಗಡಿಯ ರಸೀದಿಯನ್ನು ಕೊನೆಯ ಸಾಲಿನ ತನಕ ಓದಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು? ತಾರೀಕು, ರೋಲುಗಳ ಸಂಖ್ಯೆ, ಕೊಟ್ಟ ಮುಂಗಡ, ಮತ್ತೆ ಬರಬೇಕಾದ ದಿನ, ಇಷ್ಟನ್ನು ನೋಡಿ ಜೇಬಿಗೆ ಸೇರಿಸುವುದು ನಮ್ಮ ರೂಢಿ. ಆದರೆ ಆ ಚೀಟಿಯ ಅಡಿಯಲ್ಲೋ, ಫಿಲ್ಮು ಹಾಕಿಡುವ ಲಕೋಟೆಯ ಬೆನ್ನಿನ ಮೇಲೋ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ, ಹೆಚ್ಚಾಗಿ ಇಂಗ್ಲಿಷಿನಲ್ಲಿ, ಒಂದು ವಾಕ್ಯ ಕುಳಿತಿರುತ್ತದೆ. ಅದರ ಸಾರಾಂಶ ಇಷ್ಟು: ನಮ್ಮ ಕೈಯಲ್ಲಿ ನಿಮ್ಮ ಫಿಲ್ಮು ಕೆಟ್ಟರೆ ಅಥವಾ ಕಳೆದುಹೋದರೆ, ಅಷ್ಟೇ ಸಂಖ್ಯೆಯ ಹೊಸ ಫಿಲ್ಮನ್ನು ಕೊಡುವುದಕ್ಕೆ ಮಾತ್ರ ನಾವು ಹೊಣೆ, ಅದಕ್ಕಿಂತ ಹೆಚ್ಚಿನದನ್ನು ಕೇಳಕೂಡದು. ಇದು ಯಾವುದೋ ಒಂದು ಊರಿನ ಒಬ್ಬ ಅಂಗಡಿಯವನ ಕುಯುಕ್ತಿಯೆಂದು ತಿಳಿಯಬೇಡಿ. ಫಿಲ್ಮು ತೊಳೆಯುವ ಉದ್ಯಮ ಹಬ್ಬಿದ ದೇಶದೇಶಗಳಲ್ಲಿ ಹಲವು ದಶಕಗಳಿಂದ ಈ ವಾಕ್ಯ ಅಚ್ಚಾಗುತ್ತ ಬಂದಿದೆ. ನನ್ನ ಜಗಳವಿರುವುದು ಈ ವಾಕ್ಯದೊಂದಿಗೆ.

ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಒಂದು ರೋಲು ಕೆಡಿಸಿದೆ, ಒಂದು ರೋಲು ಕೊಟ್ಟೆ; ಲೆಕ್ಕ ಚುಕ್ತಾ. ಆದರೆ ಗಿರಾಕಿ ಅಂಗಡಿಗೆ ಒಪ್ಪಿಸಿದ್ದು ಖಾಲಿ ರೋಲನ್ನಲ್ಲವಲ್ಲ! ಅದರಲ್ಲಿ ಮಗಳ ಮದುವೆಯ ಧಾರೆ ಇತ್ತು. ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜ ಇದ್ದ. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಊರೊಂದರ ಕೊನೆಯ ಜಾತ್ರೆ ಇತ್ತು. ಅಂಥದ್ದನ್ನು ಕಳೆದುಕೊಂಡವನ ಕೈಗೆ ಹೊಸ ರೋಲು ಕೊಡುವುದೆಂದರೆ, ಮೇಯಿಸಲು ಹೊಡೆದುಕೊಂಡು ಹೋದ ಹಸುವನ್ನು ಕಳೆದು ಬಂದವನು ಕೊರಳ ಹಗ್ಗವನ್ನು ಹಿಂದಿರುಗಿಸಿ ‘ಋಣ ತೀರಿತು’ ಎಂದ ಹಾಗೆ. ರೇಶಿಮೆ ರವಿಕೆಯನ್ನು ಅಡ್ಡಾದಿಡ್ಡಿ ಕತ್ತರಿಸಿದ ದರ್ಜಿ ದಾರದ ಉಂಡೆಯೊಂದನ್ನು ಕೊಟ್ಟು ಕಳಿಸಲಾರ. ಅಜ್ಜಿಯ ಕಾಲದ ಬಳೆಯನ್ನು ಕಳೆದ ಅಕ್ಕಸಾಲಿಗ ಅದನ್ನು ಸುತ್ತಿ ತಂದ ಬಟ್ಟೆಯನ್ನು ಮುಂದಿಟ್ಟು ಕೈ ಮುಗಿಯಲಾರ. ಫೋಟೋ ಅಂಗಡಿಯೊಂದಕ್ಕೆ ಮಾತ್ರ ಈ ರಿಯಾಯಿತಿ ಹೇಗೆ ಬಂತು?

ಹೀಗೆ ಕೇಳುವುದಕ್ಕೆ ನನಗೆ ಸ್ವಂತದ ಕಾರಣವೂ ಉಂಟು. 2006ರಲ್ಲಿ, ನಾನು ಕಾಲೇಜಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕೊಳ್ಳೇಗಾಲದ ಕಡೆಯ ಹಳ್ಳಿಯೊಂದರಲ್ಲಿ ಹಿರಿಯ ನೀಲಗಾರರೊಬ್ಬರಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಆದರೂ ತಂಬೂರಿ ಹಿಡಿದು ಕುಳಿತರೆ ಮಂಟೇಸ್ವಾಮಿಯ ಕಾವ್ಯವನ್ನು ಬೆಳಗಿನ ಜಾವದ ತನಕ ಹಾಡಬಲ್ಲ ಕಸುವು. ಅವರ ಹಾಡನ್ನು ಟೇಪಿಗೆ ಹಿಡಿದೆ. ಹಾಡುವಾಗಿನ ಮುಖವನ್ನು, ತಂತಿಯ ಮೇಲಿನ ಬೆರಳನ್ನು, ದನಿಗೂಡಿಸುವ ಹಿಮ್ಮೇಳದವರನ್ನು ಫಿಲ್ಮಿಗೆ ಹಿಡಿದೆ. ಕಪ್ಪುಬಿಳುಪಿನ ನಾಲ್ಕು ರೋಲು, ಒಂದೊಂದರಲ್ಲಿ 36 ಚಿತ್ರ. ಮೂರನ್ನು ಪೇಟೆಯ ಅಂಗಡಿಯೊಂದಕ್ಕೆ ತೊಳೆಯಲು ಕೊಟ್ಟೆ. ಇನ್ನೂ ಪೂರ್ತಿಯಾಗದೆ ಕ್ಯಾಮರಾದಲ್ಲೇ ಉಳಿದಿದ್ದ ನಾಲ್ಕನೆಯದನ್ನು ಆಮೇಲೆ ಮೈಸೂರಿನ ಹವ್ಯಾಸಿ ಮಿತ್ರರೊಬ್ಬರು ತಮ್ಮ ಮನೆಯ ಬಚ್ಚಲಲ್ಲೇ ತೊಳೆದುಕೊಟ್ಟರು.

ಅಂಗಡಿಗೆ ಕೊಟ್ಟ ಮೂರರಲ್ಲಿ ಒಂದು ಅಂದೇ ಹೋಯಿತು. ಫಿಲ್ಮನ್ನು ಸುರುಳಿಗೆ ಸರಿಯಾಗಿ ಸುತ್ತದೆ, ಒಂದು ಸುತ್ತು ಇನ್ನೊಂದಕ್ಕೆ ಅಂಟಿ, ಅಂಟಿದ ಕಡೆಯೆಲ್ಲ ಮದ್ದು ತಾಗದೆ, ಹಾಡುಗಾರರ ಮುಖವಿರಬೇಕಾದಲ್ಲಿ ಹಾಲಿನ ಕೆನೆಯಂಥ ಕಲೆ ಮೆತ್ತಿಕೊಂಡಿತ್ತು. ಅಂಗಡಿಯ ಯಜಮಾನರು ಕೊಂಚವೂ ವಿಚಲಿತರಾಗಲಿಲ್ಲ. “ಹಿಂಗಾಗ್ತದೆ ಬಿಡಿ ಸಾರ್. ಹೊಸ ರೋಲ್ ಕೊಡ್ತೀನಿ, ಇನ್ನೊಂದ್ಸಲ ಹೋಗಿ ತಕ್ಕೊಂಡು ಬನ್ನಿ” ಎಂದರು. ರಸೀದಿಯ ವಾಕ್ಯವನ್ನು ಬೆರಳಿಟ್ಟು ತೋರಿಸಿದರು. ಇನ್ನೊಂದು ಸಲ ಹೋಗುವುದಕ್ಕೆ ಆ ಹಿರಿಯರೇ ಇರಲಿಲ್ಲ. ಹಾಡಿನ ಆ ರಾತ್ರಿ ಕಳೆದು ಮೂರು ವಾರಕ್ಕೆ ಅವರು ತೀರಿಕೊಂಡಿದ್ದರು.

ಉಳಿದ ಎರಡು ರೋಲುಗಳು ಆಗ ಚೆನ್ನಾಗಿಯೇ ಕಂಡವು. ಈಗ, ಸುಮಾರು ಇಪ್ಪತ್ತು ವರ್ಷದ ಮೇಲೆ, ಪುಸ್ತಕವೊಂದಕ್ಕಾಗಿ ಹೊರತೆಗೆದು ಬೆಳಕಿಗೆ ಹಿಡಿದರೆ ಅವುಗಳ ಮೇಲೆಲ್ಲ ಹಳದಿಮಿಶ್ರಿತ ಕಂದು ಬಣ್ಣ ಹರಡಿಕೊಂಡಿದೆ. ನೆರಳಿನ ಭಾಗದ ಸೂಕ್ಷ್ಮಗಳು ಅಳಿಸಿಹೋಗಿವೆ. ಇದು ಹವೆಯ ದೋಷ ಎನ್ನುವಂತಿಲ್ಲ. ಮೈಸೂರಿನ ಮಿತ್ರರು ತೊಳೆದ ನಾಲ್ಕನೆಯ ರೋಲು ಅದೇ ಕಪಾಟಿನಲ್ಲಿ, ಅದೇ ಡಬ್ಬಿಯಲ್ಲಿ, ಅದೇ ಬಗೆಯ ಕಾಗದದಲ್ಲಿ ಅಷ್ಟೇ ವರ್ಷ ಇತ್ತು; ಅದು ನಿನ್ನೆ ತೊಳೆದಂತಿದೆ. ಫಿಲ್ಮು ಒಂದೇ, ಕ್ಯಾಮರಾ ಒಂದೇ, ರಾತ್ರಿಯೂ ಒಂದೇ. ಬೇರೆಯಾದದ್ದು ತೊಳೆದ ಕೈ. ಅಂಗಡಿಯವರನ್ನು ಕೇಳೋಣವೆಂದರೆ ಆ ಅಂಗಡಿಯೇ ಈಗಿಲ್ಲ; ಅಲ್ಲಿ ಮೊಬೈಲಿನ ಕವಚ ಮಾರುತ್ತಾರೆ. ಕೆಟ್ಟ ಕೆಲಸದ ಫಲ ಇಪ್ಪತ್ತು ವರ್ಷದ ಮೇಲೆ ಹೊರಬಿದ್ದಾಗ, ಹೊಸ ರೋಲು ಕೊಡುವ ಆ ಅಲ್ಪ ಹೊಣೆಯನ್ನಾದರೂ ಹೊರುವವರು ಯಾರು?

ನಮ್ಮ ಜನ ‘ಡೆವಲಪ್ ಮಾಡಿಸುವುದು’ ಎನ್ನುವುದಕ್ಕಿಂತ ಹೆಚ್ಚಾಗಿ ‘ರೀಲು ತೊಳೆಸುವುದು’ ಎನ್ನುತ್ತಿದ್ದರು. ಈ ಮಾತನ್ನು ಕಟ್ಟಿದವರು ಯಾರೋ, ವಿಷಯದ ಮರ್ಮವನ್ನೇ ಹಿಡಿದಿದ್ದಾರೆ. ಫಿಲ್ಮಿನ ಮೈಮೇಲೆ ಸರಿಯಂಥ ಜೆಲೆಟಿನ್ ಲೇಪ; ಆ ಲೇಪದೊಳಗೆ ಬೆಳ್ಳಿಯ ಲವಣದ ಕಣಗಳು. ಬೆಳಕು ಬಿದ್ದ ಕಣಗಳನ್ನು ಡೆವಲಪರ್ ಎಂಬ ಮದ್ದು ಕಪ್ಪು ಬೆಳ್ಳಿಯಾಗಿ ಮಾಡುತ್ತದೆ. ಬೆಳಕು ಬೀಳದೆ ಉಳಿದ ಲವಣವನ್ನು ಹೈಪೊ ಕರಗಿಸುತ್ತದೆ. ಅಲ್ಲಿಗೆ ಚಿತ್ರ ನಿಂತಿತೆಂದು ಅವಸರದವರು ಭಾವಿಸುತ್ತಾರೆ. ಆದರೆ ತನ್ನ ಕೆಲಸ ಮುಗಿಸಿದ ಹೈಪೊ ಆ ಲೇಪವನ್ನು ಬಿಟ್ಟು ಹೊರಡಬೇಕು. ಅದನ್ನು ಹೊರಡಿಸುವುದು ನೀರು. ಉಳಿದುಕೊಂಡರೆ ಅದರಲ್ಲಿರುವ ಗಂಧಕ ನಿಧಾನವಾಗಿ ಬೆಳ್ಳಿಯನ್ನು ಹಿಡಿಯುತ್ತದೆ. ದೇವರ ಮುಂದಿನ ಬೆಳ್ಳಿಯ ದೀಪ ಕಪ್ಪಾಗುವುದೂ ಗಂಧಕದಿಂದಲೇ. ದೀಪವನ್ನಾದರೆ ವಿಭೂತಿ ಹಚ್ಚಿ ಉಜ್ಜಬಹುದು, ನೆಗೆಟಿವನ್ನು ಉಜ್ಜುವುದಕ್ಕಾಗುತ್ತದೆಯೆ? ಇನ್ನು ಹೈಪೊ ತಾನೇ ಹಳತಾಗಿ ಕಸುವು ಕಳೆದುಕೊಂಡಿದ್ದರೆ, ಬೆಳ್ಳಿಯ ಲವಣ ಅರ್ಧಕ್ಕೆ ಕರಗಿ, ನೀರಿಗೂ ಬಿಡದ ರೂಪದಲ್ಲಿ ಅಲ್ಲೇ ಕುಳಿತು ಕಲೆಯಾಗುತ್ತದೆ. ನನ್ನ ಎರಡು ರೋಲುಗಳ ಕಥೆ ಇಷ್ಟೇ: ತೊಳೆಯಲು ಕೊಟ್ಟದ್ದನ್ನು ತೊಳೆಯಲಿಲ್ಲ.

ಇದು ನಿನ್ನೆ ಮೊನ್ನೆ ತಿಳಿದ ವಿಷಯವೂ ಅಲ್ಲ. ಹೈಪೊ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ; ಛಾಯಾಗ್ರಹಣಕ್ಕೆ ಅದನ್ನು ಅನ್ವಯಿಸಿದ್ದು 1839ರಲ್ಲಿ. ಆಮೇಲೆ ಹದಿನೈದೇ ವರ್ಷಗಳಲ್ಲಿ ಅಲ್ಲಿನ ಜನರ ಚಿತ್ರಗಳು ಮಾಸತೊಡಗಿದವು. ಲಂಡನ್ನಿನ ಛಾಯಾಗ್ರಾಹಕರ ಸಂಘ 1855ರಲ್ಲಿ ಈ ಮಾಸುವಿಕೆಯ ಕಾರಣವನ್ನು ಹುಡುಕಲೆಂದೇ ಒಂದು ಸಮಿತಿಯನ್ನು ನೇಮಿಸಿತು. ವಿಕ್ಟೋರಿಯಾ ರಾಣಿಯ ಪತಿ ಪ್ರಿನ್ಸ್ ಆಲ್ಬರ್ಟ್ ಅದರ ಖರ್ಚಿಗೆ 50 ಪೌಂಡು ಕೊಟ್ಟ. ಅದೇ ವರ್ಷ ಸಮಿತಿ ಕೊಟ್ಟ ವರದಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದ ಕಾರಣವೆಂದು ಹೇಳಿದ್ದು, ಸರಿಯಾಗಿ ತೊಳೆಯದೆ ಕಾಗದದಲ್ಲಿ ಉಳಿದುಹೋದ ಹೈಪೊ. ನಮ್ಮಲ್ಲಿ 1857ರ ದಂಗೆ ಏಳುವ ಮೊದಲೇ ಜಗತ್ತಿಗೆ ತಿಳಿದಿದ್ದ ಸಂಗತಿಯನ್ನು 2006ರಲ್ಲಿ ಹಣ ಪಡೆದು ಅಂಗಡಿ ನಡೆಸುವವರು ತಿಳಿದಿರಲಿಲ್ಲ ಎನ್ನೋಣವೆ? ತಿಳಿದಿತ್ತು. ಮಾಡಲಿಲ್ಲ.

ಏಕೆ ಮಾಡಲಿಲ್ಲ ಎಂದರೆ ಮೂರು ಸಮಾಧಾನಗಳು ಸಿದ್ಧವಾಗಿರುತ್ತವೆ. ಮೊದಲನೆಯದು ನೀರು. “ಕುಡಿಯೋಕೇ ನೀರಿಲ್ಲ, ಫಿಲ್ಮಿಗೆ ಎಲ್ಲಿಂದ ತರೋಣ?” ಎಂಬ ಮಾತು ನಮ್ಮ ಊರುಗಳಲ್ಲಿ ತಟ್ಟನೆ ಅನುಕಂಪ ಗಿಟ್ಟಿಸುತ್ತದೆ. ಆದರೆ ನಲ್ಲಿಯನ್ನು ಅರ್ಧ ಗಂಟೆ ಬಿಟ್ಟಿರಬೇಕೆಂದೇನೂ ಇಲ್ಲ. ಗಟ್ಟಿಗೊಳಿಸುವ ಮದ್ದು ಬೆರೆಸದ ಫಿಕ್ಸರ್ ಬಳಸಿದ್ದರೆ, ತೊಟ್ಟಿಗೆ ನೀರು ತುಂಬಿ 5 ಸಲ ಮಗುಚುವುದು, ಚೆಲ್ಲಿ ಹೊಸ ನೀರು ತುಂಬಿ 10 ಸಲ, ಮತ್ತೆ ಚೆಲ್ಲಿ ತುಂಬಿ 20 ಸಲ. ಕಪ್ಪುಬಿಳುಪಿನ ಫಿಲ್ಮಿಗೆ ಇಷ್ಟು ಸಾಕೆಂದು ಫಿಲ್ಮು ತಯಾರಿಸುವ ಇಲ್‌ಫರ್ಡ್ ಕಂಪೆನಿಯೇ ಹೇಳಿಕೊಟ್ಟಿದೆ. ಮೂರು ಸಲ ತುಂಬುವ ನೀರು ಒಂದು ಬಿಂದಿಗೆಯನ್ನೂ ಮೀರದು. ಫಿಕ್ಸರ್ ಬದುಕಿದೆಯೋ ಸತ್ತಿದೆಯೋ ತಿಳಿಯುವುದಕ್ಕೂ ಪ್ರಯೋಗಶಾಲೆ ಬೇಡ. ತೊಳೆಯದ ಫಿಲ್ಮಿನ ತುದಿಯ ಒಂದು ಚೂರನ್ನು ಅದರಲ್ಲಿ ಅದ್ದಿ ಎಷ್ಟು ಹೊತ್ತಿಗೆ ತಿಳಿಯಾಗುತ್ತದೆಂದು ನೋಡಿದರಾಯಿತು. ಹೊಸ ಮದ್ದಿನಲ್ಲಿ ಹಿಡಿದ ಹೊತ್ತಿನ ಎರಡರಷ್ಟು ಹಿಡಿದರೆ ಅದನ್ನು ಚೆಲ್ಲಬೇಕು. ಚೆಲ್ಲಲು ಮನಸ್ಸು ಬಾರದ್ದರಿಂದಲೇ ಜನರ ಚಿತ್ರಗಳು ಹಾಳಾದದ್ದು.

ಎರಡನೆಯದು ‘ಆಕಸ್ಮಿಕ’. ಆಕಸ್ಮಿಕ ಯಾರ ಕೈಯಲ್ಲೂ ನಡೆದೀತು, ಒಪ್ಪಿದೆ. ಯಂತ್ರದೊಳಗೆ ಫಿಲ್ಮು ಓಡುತ್ತಿರುವಾಗ ವಿದ್ಯುತ್ತು ನಿಂತರೆ ಅದು ಆಕಸ್ಮಿಕ. ಆದರೆ ಬಣ್ಣದ ಫಿಲ್ಮಿನ ವಿಧಿಯನ್ನು ನೋಡಿ. 1972ರಲ್ಲಿ ಕೊಡಾಕ್ ಕಂಪೆನಿ ಹೊರತಂದ, ಇಂದಿಗೂ ನಡೆಯುತ್ತಿರುವ ಸಿ-41 ಪದ್ಧತಿಯಲ್ಲಿ ಡೆವಲಪರಿನ ಶಾಖ 37.8 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊತ್ತು 3 ನಿಮಿಷ 15 ಸೆಕೆಂಡು. ಶಾಖದಲ್ಲಿ ಒಂದು ಡಿಗ್ರಿಯ ಕಾಲು ಭಾಗದಷ್ಟೂ ಹೆಚ್ಚುಕಡಿಮೆ ಆಗಬಾರದು. ಪ್ರತಿಯೊಂದು ರೋಲೂ ಮದ್ದಿನ ಬಲವನ್ನು ಕುಗ್ಗಿಸುವುದರಿಂದ ಅಳೆದು ಅಳೆದು ಹೊಸದನ್ನು ಸೇರಿಸುತ್ತಿರಬೇಕು. ಪರೀಕ್ಷಾ ಪಟ್ಟಿಯನ್ನು ಹಾಯಿಸಿ ನೋಡುತ್ತಿರಬೇಕು. ಇದನ್ನೆಲ್ಲ ತಿಂಗಳುಗಟ್ಟಲೆ ಬಿಟ್ಟು, ಮದುವಣಗಿತ್ತಿಯ ಮುಖ ಹಸಿರಾಗಿ ಬಂದಾಗ ‘ಆಕಸ್ಮಿಕ’ ಎಂದರೆ, ಅದು ಭಾಷೆಗೆ ಮಾಡುವ ಅಪಚಾರ. ದಿನವೂ ನಡೆಯುವುದಕ್ಕೆ ಕನ್ನಡದಲ್ಲಿ ಆಕಸ್ಮಿಕ ಎನ್ನುವುದಿಲ್ಲ, ಅಭ್ಯಾಸ ಎನ್ನುತ್ತಾರೆ.

ಮೂರನೆಯದು ಸ್ವಲ್ಪ ತೂಕದ ಮಾತು. “ತೊಳೆಯುವುದಕ್ಕೆ ನಾವು ಪಡೆಯುವ ಕೂಲಿ ಎಷ್ಟು? ಅದಕ್ಕಾಗಿ ನಿಮ್ಮ ನೆನಪುಗಳ ಬೆಲೆಯನ್ನು ತೆರಲು ಸಾಧ್ಯವೆ?” ಸಾಧ್ಯವಿಲ್ಲ. ನನ್ನ ನೀಲಗಾರರಿಗೆ ಯಾರೂ ಬೆಲೆ ಕಟ್ಟಲಾರರು. ಕಟ್ಟಿರೆಂದು ನಾನು ಕೇಳುವುದೂ ಇಲ್ಲ. ಆದರೆ ಬೆಲೆ ಕಟ್ಟಲಾಗದ ವಸ್ತುವೆಂದು ಒಪ್ಪಿದ ಮೇಲೆ ಅದನ್ನು ಹೆಚ್ಚು ಜೋಪಾನವಾಗಿ ಹಿಡಿಯಬೇಕೋ, ಕಡಿಮೆ ಜೋಪಾನವಾಗಿಯೋ? ರಸೀದಿಯ ವಾಕ್ಯ ಹೇಳುವುದು ಎರಡನೆಯದನ್ನು. ಕೆಡಿಸಿದರೆ ತೆರಬೇಕಾದದ್ದು ಒಂದು ರೋಲಿನ ಬೆಲೆ ಮಾತ್ರ ಎಂದಾದಾಗ, ಮದ್ದು ಬದಲಿಸುವ ಖರ್ಚಿಗಿಂತ ಕೆಡಿಸುವ ಖರ್ಚು ಕಡಿಮೆಯಾಗುತ್ತದೆ. ವ್ಯಾಪಾರ ಬಲ್ಲವನಿಗೆ ಇದಕ್ಕಿಂತ ಹೆಚ್ಚಿನ ಪ್ರೋತ್ಸಾಹ ಏನು ಬೇಕು? ನನ್ನ ಆಕ್ಷೇಪದ ತಿರುಳು ಇದೇ. ಆ ವಾಕ್ಯ ನಷ್ಟವನ್ನು ಮಿತಿಗೊಳಿಸುವುದಿಲ್ಲ, ನಷ್ಟವನ್ನು ಹುಟ್ಟಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಚಿತ್ರ ಕೆಟ್ಟಾಗ ನಮ್ಮ ಕೋಪ ಎರಗುವುದು ಕತ್ತಲೆಕೋಣೆಯ ಹುಡುಗನ ಮೇಲೆ. ಯಜಮಾನರೂ ಅವನನ್ನೇ ಮುಂದಕ್ಕೆ ತಳ್ಳುತ್ತಾರೆ. ಈ ಚಾಳಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವೊಂದಿದೆ. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದಾಗ ರಾಬರ್ಟ್ ಕಾಪಾ ಗುಂಡಿನ ಮಳೆಯ ನಡುವೆ ತೆಗೆದ ಚಿತ್ರಗಳು ‘ಲೈಫ್’ ಪತ್ರಿಕೆಯ ಲಂಡನ್ ಕಚೇರಿಗೆ ಹೋದವು. ಕೊನೆಗೆ ಉಳಿದವು ಹನ್ನೊಂದೋ ಏನೋ. ಒಣಗಿಸುವ ಪೆಟ್ಟಿಗೆಯ ಬಾಗಿಲನ್ನು ಕತ್ತಲೆಕೋಣೆಯ ಹುಡುಗ ಅವಸರದಲ್ಲಿ ಮುಚ್ಚಿದ್ದರಿಂದ, ಶಾಖಕ್ಕೆ ಲೇಪ ಕರಗಿ ಉಳಿದ ಚಿತ್ರಗಳೆಲ್ಲ ನಾಶವಾದವೆಂಬ ಕಥೆ ಹಬ್ಬಿತು. ಕಾಪಾ 1947ರ ತನ್ನ ಆತ್ಮಕಥನದಲ್ಲಿ ಕತ್ತಲೆಕೋಣೆಯ ಸಹಾಯಕನನ್ನೇ ಹೊಣೆ ಮಾಡಿದ. ಎಪ್ಪತ್ತು ವರ್ಷ ಜಗತ್ತು ಅದನ್ನು ನಂಬಿತು. 2014ರಿಂದ ಅಮೆರಿಕದ ವಿಮರ್ಶಕ ಎ. ಡಿ. ಕೋಲ್ಮನ್ ಮತ್ತು ಸಂಗಡಿಗರು ಈ ಕಥೆಯನ್ನು ಕೆದಕಿ, ಆ ಪೆಟ್ಟಿಗೆಯ ಶಾಖಕ್ಕೆ ಲೇಪ ಹಾಗೆ ಕರಗುವುದು ಸಾಧ್ಯವಿಲ್ಲವೆಂದು ವಾದಿಸಿದರು. ಅಂದು ಆ ಕಚೇರಿಯ ಚಿತ್ರಸಂಪಾದಕರಾಗಿದ್ದ ಜಾನ್ ಮಾರಿಸ್ ಅವರೇ ಅದೇ ವರ್ಷ, ಆ ರೋಲುಗಳಲ್ಲಿ ಮೊದಲಿಗೇ ಏನೂ ಇಲ್ಲದೆ ಇದ್ದಿರಬಹುದೆಂದು ಒಪ್ಪಿಕೊಂಡರು. ಆ ಹುಡುಗನ ಪರವಾಗಿ ಎಪ್ಪತ್ತು ವರ್ಷ ಒಬ್ಬರೂ ಮಾತಾಡಿರಲಿಲ್ಲ. ಹಳೆಯ ಕಥೆಯನ್ನೇ ನಂಬುವುದಾದರೂ, ಬೇಗ ಬೇಗ ಎಂದು ಅವಸರಪಡಿಸಿದವರು ಮೇಲಿನವರೇ ಅಲ್ಲವೆ? ನಮ್ಮ ಅಂಗಡಿಗಳಲ್ಲಿಯೂ ಹಳೆಯ ಮದ್ದನ್ನು ಚೆಲ್ಲಬೇಡವೆಂದು ಹೇಳುವವನು ಸಂಬಳದ ಹುಡುಗನಲ್ಲ. ಲೆಕ್ಕ ಕೇಳಬೇಕಾದದ್ದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರನ್ನು.

“ಫಿಲ್ಮಿನ ಕಾಲವೇ ಮುಗಿಯಿತಲ್ಲ ಮೇಷ್ಟ್ರೇ, ಸತ್ತ ಹಾವನ್ನು ಏಕೆ ಹೊಡೆಯುತ್ತೀರಿ?” ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಹಾವು ಸತ್ತಿಲ್ಲ. ಮೊದಲನೆಯದಾಗಿ, ಐವತ್ತು ಅರವತ್ತು ವರ್ಷಗಳ ನಮ್ಮ ಮಧ್ಯಮ ವರ್ಗದ ಬಾಳೆಲ್ಲ ಇರುವುದು ಫಿಲ್ಮಿನಲ್ಲಿಯೇ. ಸರ್ಕಾರ 1960ರಲ್ಲಿ ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯನ್ನು ಕಟ್ಟಿ, ‘ಇಂದು’ ಹೆಸರಿನ ಫಿಲ್ಮನ್ನು ಊರೂರಿನ ಸ್ಟುಡಿಯೋಗಳಿಗೆ ತಲಪಿಸಿತು. ಕಾರ್ಖಾನೆ ಮುಚ್ಚಿಹೋಯಿತು, ಆ ಫಿಲ್ಮಿನ ನೆಗೆಟಿವುಗಳು ಮಾತ್ರ ನಮ್ಮ ಅಟ್ಟಗಳ ಮೇಲೆ, ಗೋದ್ರೇಜ್ ಬೀರುವಿನ ತಳದಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಇವೆ. ಅವುಗಳಲ್ಲಿ ಎಷ್ಟನ್ನು ಸರಿಯಾಗಿ ತೊಳೆದಿದ್ದರು, ಎಷ್ಟು ಈ ಹೊತ್ತಿಗೆ ಒಳಗೊಳಗೇ ಕಂದಾಗುತ್ತಿವೆ? ಎರಡನೆಯದಾಗಿ, ಮೊಬೈಲಿನಲ್ಲಿ ಬೇಸತ್ತ ನಮ್ಮ ಹುಡುಗ ಹುಡುಗಿಯರು ಅಜ್ಜನ ಹಳೆಯ ಕ್ಯಾಮರಾವನ್ನು ದೂಳು ಒರಸಿ ಮತ್ತೆ ಹೊರತೆಗೆಯುತ್ತಿದ್ದಾರೆ. ಅವರು ಅಂಚೆಯಲ್ಲಿ ದೂರದ ಊರಿಗೆ ಕಳಿಸುವ ರೋಲಿನ ಬೆನ್ನಿಗೂ ಅದೇ ವಾಕ್ಯ ಕಟ್ಟಿಕೊಂಡು ಹೋಗುತ್ತದೆ. ಮೂರನೆಯದಾಗಿ, ಆ ವಾಕ್ಯ ಈಗ ಮನೆ ಬದಲಿಸಿದೆ. ಮೊಬೈಲು ರಿಪೇರಿಯ ಚೀಟಿಯನ್ನು ತಿರುಗಿಸಿ ನೋಡಿ: ಒಳಗಿನ ಚಿತ್ರಗಳಿಗೆ, ಮಾಹಿತಿಗೆ ನಾವು ಹೊಣೆಯಲ್ಲ. ಫಿಲ್ಮು ಹೋದರೂ ವಾಕ್ಯ ಉಳಿಯಿತು.

ಕನ್ನಡ ಕಲಿಸುವವನಾಗಿ ನನಗೆ ಇಲ್ಲಿ ನಮ್ಮ ಓಲೆಗರಿಯ ಲಿಪಿಕಾರರು ನೆನಪಾಗುತ್ತಾರೆ. ಅವರೂ ಇನ್ನೊಬ್ಬರ ಅಮೂಲ್ಯ ವಸ್ತುವನ್ನು ಕೂಲಿಗೆ ಕೈಯಲ್ಲಿ ಹಿಡಿದವರೇ. ಅವರೂ ತಪ್ಪು ಮಾಡಿದವರೇ. ಅವರ ತಪ್ಪುಗಳನ್ನು ತಿದ್ದುವುದರಲ್ಲಿಯೇ ನಮ್ಮ ಗ್ರಂಥಸಂಪಾದಕರು ಕಣ್ಣು ಸವೆಸಿದರು. ಆದರೆ ಅನೇಕ ಪ್ರತಿಗಳ ಕೊನೆಯ ಗರಿಯಲ್ಲಿ ಲಿಪಿಕಾರ ಏನು ಬರೆದಿರುತ್ತಾನೆ? ತನ್ನ ಹೆಸರು ಬರೆದಿರುತ್ತಾನೆ. ಮುಗಿಸಿದ ತಿಥಿಯನ್ನು ಬರೆದಿರುತ್ತಾನೆ. ತಪ್ಪಿದ್ದರೆ ತಿದ್ದಿಕೊಳ್ಳಿರೆಂದು, ಮನ್ನಿಸಿರೆಂದು ಬೇಡಿರುತ್ತಾನೆ. ಈ ಪುಸ್ತಕವನ್ನು ನೀರಿಗೆ ಎಣ್ಣೆಗೆ ಒಡ್ಡದೆ ಕಾಪಾಡಿರೆಂದು ಓದುವವನಿಗೆ ಒಪ್ಪಿಸಿರುತ್ತಾನೆ. ಅವನದೂ ಒಂದು ಚೀಟಿಯೇ. ತಪ್ಪಾದೀತೆಂದು ಅವನೂ ಮುಂದಾಗಿ ಹೇಳುತ್ತಾನೆ, ಫೋಟೋ ಅಂಗಡಿಯವರೂ ಮುಂದಾಗಿ ಹೇಳುತ್ತಾರೆ. ಒಬ್ಬ ತನ್ನ ಹೆಸರನ್ನು ಮುಂದಿಟ್ಟು ತಲೆಬಾಗಿಸುತ್ತಾನೆ. ಇನ್ನೊಬ್ಬರು ಹೆಸರಿಲ್ಲದೆ, ಕಣ್ಣಿಗೆ ಕಾಣದ ಅಕ್ಷರದಲ್ಲಿ, ಕೈ ತೊಳೆದುಕೊಳ್ಳುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ಕಾಯ್ದೆ ಇಲ್ಲದಿಲ್ಲ. 1986ರ ಕಾಯ್ದೆಯ ಸ್ಥಾನದಲ್ಲಿ ಬಂದು 2020ರ ಜುಲೈಯಲ್ಲಿ ಜಾರಿಯಾದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸೇವೆಯಲ್ಲಿನ ನ್ಯೂನತೆಯೊಳಗೆ ಅಲಕ್ಷ್ಯವನ್ನೂ ಸೇರಿಸಿದೆ. ‘ಅನ್ಯಾಯದ ಕರಾರು’ ಎಂಬುದೊಂದನ್ನು ಹೆಸರಿಟ್ಟು ಗುರುತಿಸಿದೆ. ಆದರೆ ಒಂದು ರೋಲಿಗಾಗಿ ಆಯೋಗದ ಮೆಟ್ಟಿಲು ಹತ್ತುವವರು ವಿರಳವೆಂಬ ಧೈರ್ಯದ ಮೇಲೆಯೇ ಈ ವಾಕ್ಯ ಬದುಕಿದೆ. ಆದ್ದರಿಂದ ನಾನು ಕೇಳುವುದು ಚಿಕ್ಕ ಚಿಕ್ಕ ಸಂಗತಿಗಳನ್ನು. ಇಂದಿಗೂ ಫಿಲ್ಮು ತೊಳೆಯುತ್ತಿರುವವರು ಲಕೋಟೆಯ ಮೇಲೆ ತೊಳೆದ ದಿನವನ್ನೂ ತೊಳೆದವರ ಹೆಸರನ್ನೂ ಬರೆಯಲಿ. ಮದ್ದು ಬದಲಿಸಿದ ತಾರೀಕನ್ನು ಗಿರಾಕಿಯ ಕಣ್ಣಿಗೆ ಬೀಳುವಂತೆ ಗೋಡೆಗೆ ಹಾಕಲಿ. ತಮ್ಮ ಷರತ್ತನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ರೋಲನ್ನು ಪಡೆಯುವ ಮೊದಲೇ ಬಾಯಿಬಿಟ್ಟು ಹೇಳಲಿ. “ಮತ್ತೆ ಸಿಕ್ಕದ ಚಿತ್ರ” ಎಂದು ಗಿರಾಕಿ ಹೇಳಿದರೆ ಹೆಚ್ಚು ಕೂಲಿ ಪಡೆದು ಹೆಚ್ಚು ಹೊಣೆ ಹೊರುವ ಏರ್ಪಾಡು ಇರಲಿ. ನಾನಾದರೆ ಆ ಕೂಲಿಯನ್ನು ಸಂತೋಷದಿಂದ ಕೊಟ್ಟೇನು.

ಓದುಗರಿಗೂ ಒಂದು ಮಾತು. ಈ ಭಾನುವಾರ ಬೀರುವಿನ ತಳದ ಡಬ್ಬಿಯನ್ನು ತೆಗೆಯಿರಿ. ನೆಗೆಟಿವುಗಳನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ನೋಡಿ. ಕಂದು ಹತ್ತಿದ್ದರೆ ತಡಮಾಡದೆ ಪ್ರತಿ ತೆಗೆಸಿಕೊಳ್ಳಿ. ಕಪ್ಪುಬಿಳುಪಿನವಾದರೆ ಬಲ್ಲವರ ಕೈಯಲ್ಲಿ ಮತ್ತೊಮ್ಮೆ ಫಿಕ್ಸರಿನಲ್ಲಿ ಅದ್ದಿಸಿ ತೊಳೆಸುವುದರಿಂದ ಮುಂದಿನ ಹಾನಿ ತಪ್ಪುವ ಸಂಭವವೂ ಉಂಟು. ಕೊಡುವ ಮೊದಲು ಮಾತ್ರ ರಸೀದಿಯ ಕೊನೆಯ ಸಾಲನ್ನು ಓದಿ, ಅದರ ಅರ್ಥವನ್ನು ಅಂಗಡಿಯವರ ಬಾಯಿಂದಲೇ ಕೇಳಿ. ಹೊಸ ರೋಲಿನ ಮಾತೆತ್ತಿದರೆ ಡಬ್ಬಿಯನ್ನು ಎತ್ತಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ. ಹೊಸ ರೋಲು ಎಲ್ಲಿಯೂ ಸಿಕ್ಕುತ್ತದೆ; ಅದಕ್ಕಾಗಿ ಅವರ ತನಕ ಹೋಗಬೇಕಾಗಿಲ್ಲ.